ಪುಂಡರೀಕಾಕ್ಷ ರಾಯರ ಚಾಕಲೇಟ್ ಎಸ್ಪ್ರೆಸೊ ಕುಕೀಸ್

ಮುಂಬಯಿ ಬದಿಯ ಡೊಂಬಿವಲಿಯಲ್ಲಿ ಉಡುಪಿಯವನೊಬ್ಬ ಸಿಕ್ಕಿದರೆ ಅವನಿಗೆ ಅಡುಗೆ ಬರುತ್ತದೆ ಎಂದೇ ಜನ ನಂಬುತ್ತಾರೆ. ಅವನು ಬ್ಯಾಂಕಿನಲ್ಲಿದ್ದರೂ ಸರಿ, ಹಲ್ಲಿನ ಡಾಕ್ಟರಾಗಿದ್ದರೂ ಸರಿ, ಮೊದಲ ಭೇಟಿಯಲ್ಲೇ ಸಾಂಬಾರಿನ ಗುಟ್ಟು ಕೇಳುತ್ತಾರೆ. ನಮ್ಮ ನವಕಿರಣ ಸೊಸೈಟಿಯ ಎರಡನೆಯ ಮಹಡಿಯ ಪುಂಡರೀಕಾಕ್ಷ ರಾಯರ ವಿಷಯದಲ್ಲಿ ಈ ನಂಬಿಕೆಗೆ ಇನ್ನೂ ಗಟ್ಟಿಯಾದ ಆಧಾರವಿತ್ತು. ಸ್ಟೇಷನ್ನಿನ ಹತ್ತಿರ ಅವರ ಅಣ್ಣನ ಹೋಟೆಲಿತ್ತು. ರಾಯರು ಪ್ರಾಯವಿಡೀ ಕಳೆದದ್ದು ಅಲ್ಲಿಯೇ. ಆದರೆ ಕಳೆದದ್ದು ಗಲ್ಲಾಪೆಟ್ಟಿಗೆಯ ಹಿಂದೆ. ಅಡುಗೆಮನೆಯ ಬಾಗಿಲಿನವರೆಗೆ ಅವರು ಹೋಗುತ್ತಿದ್ದುದು ತಮ್ಮ ಕಾಫಿ ತಡವಾದಾಗ ಮಾತ್ರ. ಈ ಬಗ್ಗೆ ಅವರು ಯಾರಿಗೂ ಸುಳ್ಳು ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ, ಅಷ್ಟೆ.

ಗಲ್ಲಾದ ಹಿಂದೆ ಕೂತವರಿಗೂ ಒಂದು ವಿದ್ಯೆ ಒಲಿಯುತ್ತದೆ. ಹೋಟೆಲಿನ ಭಾಷೆಯಲ್ಲಿ ಅದಕ್ಕೆ ಎಡ್ಜಸ್ಟ್ ಎನ್ನುತ್ತಾರೆ. ತೆಂಗಿನಕಾಯಿ ತುಟ್ಟಿಯಾದ ದಿನ ಚಟ್ನಿಗೆ ಹುರಿಗಡಲೆ ಹೆಚ್ಚು, ತೊಗರಿಬೇಳೆ ತುಟ್ಟಿಯಾದ ದಿನ ಸಾಂಬಾರಿಗೆ ಸಿಹಿಗುಂಬಳ, ಗೋಡಂಬಿಯ ಮಾತೇ ಎತ್ತಬಾರದ ದಿನ ಉಪ್ಪಿಟ್ಟಿಗೆ ನೆಲಗಡಲೆ. ರಾಯರು ಕೂತಲ್ಲಿಂದಲೇ ಒಳಗೆ ಕೂಗಿ ಹೇಳುತ್ತಿದ್ದರು, ಒಳಗಿದ್ದ ಅಡುಗೆ ಭಟ್ಟರು ಹೇಗೋ ರುಚಿ ಕೂಡಿಸುತ್ತಿದ್ದರು, ಗಿರಾಕಿಗಳು ಬೆರಳು ಚೀಪುತ್ತಾ ಎದ್ದು ಹೋಗುತ್ತಿದ್ದರು. ಇದನ್ನೆಲ್ಲ ನೋಡಿ ನೋಡಿ, ಈ ಲೋಕದಲ್ಲಿ ಯಾವ ಪದಾರ್ಥದ ಜಾಗಕ್ಕೂ ಇನ್ನೊಂದು ಪದಾರ್ಥವನ್ನು ಕೂರಿಸಬಹುದು ಎಂಬ ಸಿದ್ಧಾಂತ ರಾಯರ ತಲೆಯಲ್ಲಿ ಬೇರುಬಿಟ್ಟಿತ್ತು. ಕೂಗಿ ಹೇಳುವುದಕ್ಕೂ ಕೂಡಿಸಿ ಬೇಯಿಸುವುದಕ್ಕೂ ನಡುವೆ ಒಬ್ಬ ಭಟ್ಟರಿದ್ದರು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರಾಯರ ಮಗಳು ಶ್ರೀಪ್ರಿಯಾ ಐರೋಲಿಯ ಕಂಪನಿಯ ಕೆಲಸ ಬಿಟ್ಟು ಮನೆಯಲ್ಲೇ ಮೊಟ್ಟೆ ಹಾಕದ ಕೇಕು, ಕುಕೀಸು ಮಾಡಿ ಮಾರಲು ಶುರುಮಾಡಿದಾಗ ರಾಯರು ಹದಿನೈದು ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು. ಮನೆಯ ಹಾಲ್‌ನಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಓವನ್ ಬಂದು ಕೂತಿತ್ತು. ಬರುಬರುತ್ತಾ ಕಟ್ಟಡದ ಹುಟ್ಟುಹಬ್ಬಗಳ ಕೇಕೆಲ್ಲ ಅವಳದೇ ಆಯಿತು, ಲಿಫ್ಟಿನಲ್ಲಿ ಸಿಕ್ಕವರೆಲ್ಲ ರಾಯರನ್ನೇ ಹೊಗಳತೊಡಗಿದರು. ಕೇಕು ಮಗಳದ್ದು, ಲಿಫ್ಟಿನಲ್ಲಿ ಸಿಗುವವರು ರಾಯರು. ಹೊಗಳಿಕೆ ಯಾರ ಕಿವಿಗೆ ಮೊದಲು ಬೀಳುತ್ತದೋ ಅವರದೇ ಆಗಿಬಿಡುತ್ತದೆ. ಒಂದು ದಿನ ರಾಯರ ಬಾಯಿಂದ, ಅವಳಿಗೆ ಕಲಿಸಿದ್ದೇ ನಾನು ಎಂಬ ಮಾತು ಜಾರಿತು. ಯಾರೂ ನಗಲಿಲ್ಲ. ಆಮೇಲೆ ಆ ಮಾತು ಜಾರಬೇಕಾದ ಅಗತ್ಯವೂ ಇರಲಿಲ್ಲ, ತಾನೇ ನಡೆದುಕೊಂಡು ಬರುತ್ತಿತ್ತು.

ಅಷ್ಟರಲ್ಲಿ ರಾಯರ ಎದುರು ಮನೆಗೆ ಅನಘ ಎಂಬ ಮರಾಠಿ ಹೆಣ್ಣುಮಗಳು ಬಂದರು. ಬೇಲಾಪುರದ ದೊಡ್ಡ ಆಫೀಸಿನಲ್ಲಿ ಕೆಲಸ. ದೀಪಾವಳಿಗೆ ಇಡೀ ಆಫೀಸಿಗೆ ತಿಂಡಿಯ ಡಬ್ಬಿ ತರಿಸುವ ಹೊಣೆ ಅವರ ಮೇಲಿತ್ತು. ಶ್ರೀಪ್ರಿಯಾಳ ಚಾಕಲೇಟ್ ಎಸ್ಪ್ರೆಸೊ ಕುಕೀಸಿನ ಹೆಸರು ಕೇಳಿದ್ದ ಅವರು, ಆಫೀಸಿನವರಿಗೆ ರುಚಿ ಹಿಡಿಸಿದರೆ ಆರ್ಡರು ನಿನಗೇ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಆ ಆರ್ಡರು ಸಿಕ್ಕಿದರೆ ಶ್ರೀಪ್ರಿಯಾಳ ಕಸುಬು ತನ್ನ ಕಾಲ ಮೇಲೆ ನಿಂತಂತೆ, ಇಲ್ಲದಿದ್ದರೆ ಮತ್ತೆ ಐರೋಲಿಯ ಬಸ್ಸು ಹತ್ತುವುದೇ ಎಂದು ತಾಯಿ ಸತ್ಯಭಾಮಾ ನಮ್ಮ ಮನೆಯಲ್ಲೇ ಹೇಳಿಕೊಂಡಿದ್ದರು. ರುಚಿ ತೋರಿಸುವ ಮೊದಲು ಇನ್ನೊಂದಿಷ್ಟು ಕಲಿತು ಬರುತ್ತೇನೆಂದು ಹುಡುಗಿ ವಾಶಿಯಲ್ಲಿ ಚಾಕಲೇಟಿನ ತರಬೇತಿಗೆ ಸೇರಿ, ಗೆಳತಿಯ ಮನೆಯಲ್ಲಿ ಉಳಿದುಕೊಂಡಳು.

ಅದೇ ವಾರ ಅನಘರ ಮನೆಯಲ್ಲಿ ವಾಸ್ತುಶಾಂತಿ. ಆಫೀಸಿನವರೆಲ್ಲ ಬರುವವರು. ಶ್ರೀಪ್ರಿಯಾ ಇದ್ದಿದ್ದರೆ ಅವತ್ತೇ ಕುಕೀಸು ತಿನ್ನಿಸಬಹುದಿತ್ತು ಎಂದು ಅನಘ ಲಿಫ್ಟಿನಲ್ಲಿ ರಾಯರೆದುರು ಸುಮ್ಮನೆ ಹಲುಬಿದರು. ರಾಯರು ಅಲ್ಲೇ ಬಾಯಿ ಮುಚ್ಚಿಕೊಂಡು ಎರಡನೆಯ ಮಹಡಿಯಲ್ಲಿ ಇಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಉಸ್ ಕೋ ಸಿಖಾಯಾ ಕೌನ್?" ಅವಳಿಗೆ ಕಲಿಸಿದ್ದು ಯಾರು ಎಂದು ರಾಯರು ತಮ್ಮ ಉಡುಪಿ ಹಿಂದಿಯಲ್ಲಿ ಕೇಳಿ, ಎದೆ ಮುಟ್ಟಿಕೊಂಡರು. "ಮೈಂ."

ವಾಸ್ತುಶಾಂತಿಗೆ ಕುಕೀಸು ತಾವೇ ಮಾಡಿ ತರುವುದಾಗಿ ಮಾತೂ ಕೊಟ್ಟರು. ಹೀಗೆ ಮಗಳಿಗೆ ಗೊತ್ತಿಲ್ಲದೆ ಮಗಳ ಆರ್ಡರು ತಂದೆಯ ಕೈಗೆ ಬಂತು.

ವಾಸ್ತುಶಾಂತಿಯ ಹಿಂದಿನ ದಿನ ಅಂಗಾರಕ ಸಂಕಷ್ಟಿ. ಸತ್ಯಭಾಮಾ ಬೆಳಿಗ್ಗೆಯೇ ಟಿಟ್ವಾಳಾದ ಗಣಪತಿಗೆ ಹೊರಟರು. ಅಲ್ಲಿನ ಸಾಲು ಗೊತ್ತಿದ್ದವರಿಗೆ ಅವರು ಸಂಜೆಯ ಮೊದಲು ಬರುವುದಿಲ್ಲ ಎಂದೂ ಗೊತ್ತು. ರಾಯರು ಮಗಳು ತನ್ನ ಪೇಜಿಗೆ ಹಾಕಿದ್ದ ವಿಡಿಯೊವನ್ನು ಮೊಬೈಲಿನಲ್ಲಿ ಹಚ್ಚಿ, ಚೀಲ ಹಿಡಿದು ಪೇಟೆಗೆ ನಡೆದರು. ಎಸ್ಪ್ರೆಸೊ ಪುಡಿ ಎಂದಾಗ ಅಂಗಡಿಯವನು ತಲೆ ಕೆರೆದುಕೊಂಡ. ಕಂದು ಸಕ್ಕರೆ ಎಂದಾಗ ಬಿಳಿಯದಕ್ಕೆ ಏನಾಗಿದೆ ಎಂದು ಕೇಳಿದ. ಕಹಿ ಚಾಕಲೇಟು, ವೆನಿಲ್ಲಾ ಸಾರ ಎಂದಾಗ, ಅವೆಲ್ಲ ಬೇಕಿದ್ದರೆ ಠಾಣೆಯ ಮಾಲಿಗೆ ಹೋಗಿ ಕಾಕಾ ಎಂದು ದಾರಿ ತೋರಿಸಿದ. ಮಗಳು ತನ್ನ ಸಾಮಾನು ಇಟ್ಟಿದ್ದ ಕಪಾಟಿಗೆ ಬೀಗವಿತ್ತು. ಫೋನು ಮಾಡಿದರೆ ಬೀಗದ ಕೈ ಎಲ್ಲಿದೆ ಎಂದು ಅವಳು ಹೇಳುತ್ತಿದ್ದಳು, ಆದರೆ ಯಾಕೆ ಎಂದೂ ಕೇಳುತ್ತಿದ್ದಳು. ರಾಯರು ಫೋನು ಮಾಡಲಿಲ್ಲ. ಅವರ ಬಳಿ ಸಿದ್ಧಾಂತವಿತ್ತು.

ಎಸ್ಪ್ರೆಸೊ ಎಂದರೆ ಕಾಫಿಯೇ ತಾನೆ ಎಂದು ಮನೆಯಲ್ಲಿದ್ದ ಚಿಕೋರಿ ಬೆರೆತ ಫಿಲ್ಟರ್ ಕಾಫಿಪುಡಿಯನ್ನು ಡಬ್ಬಿಯಿಂದ ಹಾಗೆಯೇ ಸುರಿದರು. ಕಂದು ಸಕ್ಕರೆಯ ಬದಲು ಊರಿನ ಜೋನಿಬೆಲ್ಲ. ಬೆಣ್ಣೆ ಅರ್ಧಕ್ಕೇ ಮುಗಿದಾಗ ತೆಂಗಿನೆಣ್ಣೆ. ಕಹಿ ಚಾಕಲೇಟಿನ ಬದಲು, ಯಾರದೋ ಹುಟ್ಟುಹಬ್ಬದಲ್ಲಿ ಕೊಟ್ಟಿದ್ದ ಚಾಕಲೇಟ್ ಮಿಠಾಯಿಗಳನ್ನು ಕಾಗದ ಬಿಚ್ಚಿ ಬಾಣಲೆಯಲ್ಲಿ ಕರಗಿಸಿದರು. ಮೈದಾ ಕಡಿಮೆ ಬಿತ್ತು, ಹುರಿಗಡಲೆ ಹಿಟ್ಟು ಬಂತು. ವೆನಿಲ್ಲಾದ ಕೆಲಸ ಪರಿಮಳದ್ದು, ಪರಿಮಳಕ್ಕೆ ಲಾಡುವಿಗೆ ಹಾಕುವ ಪಚ್ಚಕರ್ಪೂರವನ್ನು ಮೀರಿಸಿದ್ದು ಯಾವುದುಂಟು ಎಂದು ಅದನ್ನೂ ಪುಡಿಮಾಡಿ ಉದುರಿಸಿದರು. ಚಾಕಲೇಟ್ ಚೂರುಗಳು ಇಲ್ಲದ ಕಡೆ ಕೊಬ್ಬರಿ ತುರಿ. ಕೊನೆಗೆ ಆ ಮುದ್ದೆಯನ್ನು ಉಂಡೆ ಮಾಡಿ, ತಟ್ಟೆಯ ಮೇಲಿಟ್ಟು, ಅಂಗೈಯಿಂದ ಪಟಪಟನೆ ತಟ್ಟಿದರು. ಐದು ಬೆರಳಿನ ಗುರುತು ಚೆನ್ನಾಗಿ ಮೂಡಿತು.

ಓವನ್ನಿನಿಂದ ಹೊರಬಂದವು ಕಪ್ಪುಗಂದು ಬಣ್ಣದ ಚಪ್ಪಟೆ ಬಿಲ್ಲೆಗಳು. ಮೇಲೆ ಬೆರಳಚ್ಚು. ಕೊಬ್ಬರಿಯ ಎಳೆಗಳು ಕೆಂಪಗೆ ಸುಟ್ಟು, ಒಣಹುಲ್ಲಿನ ಕಡ್ಡಿಗಳ ಹಾಗೆ ಅಲ್ಲಲ್ಲಿ ಚಾಚಿಕೊಂಡಿದ್ದವು. ಕರಗಿಸಿದ ಮಿಠಾಯಿ ಆರಿದಂತೆಲ್ಲ ಗಟ್ಟಿಯಾಯಿತು, ಬಿಲ್ಲೆಯೂ ಗಟ್ಟಿಯಾಯಿತು. ಟಿಟ್ವಾಳಾದಿಂದ ಸುಸ್ತಾಗಿ ಬಂದ ಸತ್ಯಭಾಮಾ ಒಂದನ್ನೆತ್ತಿ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುವಂತೆ ತಟ್ಟಿ ನೋಡಿದರು. ಇದನ್ನು ಎದುರು ಮನೆಗೆ ಕೊಡಲಿಕ್ಕುಂಟೇ ಎಂದು ಕೇಳಿದರು. ನಾಳೆಗೆ ಮೆತ್ತಗಾಗುತ್ತದೆ ಎಂದರು ರಾಯರು. ಮರುದಿನ ಬೆಳಿಗ್ಗೆ ಅದು ಇನ್ನಷ್ಟು ಪ್ರಬುದ್ಧವಾಗಿತ್ತು.

ರಾಯರಿಗೆ ನಾಚಿಕೆಯಾಯಿತು. ಆದರೆ ಕೊಟ್ಟ ಮಾತು. ಆಫೀಸಿನವರು ಬಂದು ಕೂತಾಗಿದೆ. ತಟ್ಟೆಯ ಮೇಲೊಂದು ಪೇಪರು ಮುಚ್ಚಿ, ಎದುರು ಮನೆಯ ಹೊಸ್ತಿಲು ದಾಟಿದರು. ಒಳಗೆ ಗದ್ದಲ. ಅನಘರ ಕಣ್ಣಿಗೆ ಬೀಳದೆ, ಬಾಗಿಲ ಪಕ್ಕದ ಪೂಜಾ ಸಾಮಾನಿನ ಗುಡ್ಡೆಯ ಹತ್ತಿರ ತಟ್ಟೆಯಿಟ್ಟು, ಏನು ಎತ್ತ ಎಂದು ಹೇಳದೆ ಹಿಂದೆ ಸರಿದು ನಿಂತರು. ನಾನು ಅಲ್ಲೇ ಕೂತಿದ್ದೆ, ಅವರ ಮುಖ ನೋಡಿ ಮೈ ಹುಷಾರಿಲ್ಲವೇನೋ ಎಂದುಕೊಂಡೆ.

ಹೋಮ ಮಾಡಿಸಲು ಕಲ್ಯಾಣದಿಂದ ಬಂದಿದ್ದವರು ನಮ್ಮವರೇ ಆದ ವಿಷ್ಣುಮೂರ್ತಿ ಭಟ್ಟರು. ಅವರಿಗೆ ಇದನ್ನು ಮುಗಿಸಿ ಶಹಾಡಿನ ಸತ್ಯನಾರಾಯಣಪೂಜೆಗೆ ಓಡಬೇಕಿತ್ತು. ಆನ್‌ಲೈನಿನಲ್ಲಿ ತರಿಸಿದ್ದ ಸಗಣಿ ಬೆರಣಿಯ ಪೊಟ್ಟಣ ಬಂದಿಲ್ಲವೆಂದು ಅವರು ಆಗಲೇ ಗೊಣಗುತ್ತಿದ್ದರು. ಗಾಳಿಗೆ ಪೇಪರು ಹಾರಿತು. ಭಟ್ಟರ ಕಣ್ಣು ತಟ್ಟೆಯ ಮೇಲೆ ಬಿತ್ತು, ಮುಖ ಅರಳಿತು. "ಬಂತಲ್ಲ ಬೆರಣಿ. ಕೈಯಿಂದ ತಟ್ಟಿದ್ದು, ನಾಟಿ ಹಸುವಿನದ್ದು. ಈಗೆಲ್ಲಿ ಸಿಗ್ತದೆ ಇಂಥದ್ದು" ಎಂದು ಒಂದನ್ನೆತ್ತಿ ಮುರಿಯಲು ನೋಡಿದರು. ಮುರಿಯಲಿಲ್ಲ. ಇಡಿಯಾಗಿಯೇ ಕುಂಡದಲ್ಲಿ ಜೋಡಿಸಿದರು.

ರಾಯರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ತಿನ್ನುವಂಥದ್ದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆನ್ನಲು, ತಾನು ಮಾಡಿದ ತಿಂಡಿಯನ್ನು ವೇದ ಓದಿದ ಬ್ರಾಹ್ಮಣನೊಬ್ಬ ಹಾಡಹಗಲಲ್ಲಿ ಸಗಣಿಯೆಂದು ತಿಳಿದ ಎಂಬುದನ್ನೂ ಒಪ್ಪಬೇಕಿತ್ತು. ಭಟ್ಟರು ತುಪ್ಪ ಹೊಯ್ದರು. ಬಿಲ್ಲೆಗಳು ಸ್ವಲ್ಪ ಹೊತ್ತು ಹಟ ಹಿಡಿದು, ಆಮೇಲೆ ಬೆಣ್ಣೆ, ಬೆಲ್ಲ, ಕರ್ಪೂರ ಎಲ್ಲ ಒಟ್ಟಿಗೆ ಹೊತ್ತಿಕೊಂಡು ಧಗಧಗ ಉರಿದವು. ಹೊಗೆಯಿಲ್ಲ, ಕಮಟಿಲ್ಲ. ಮನೆತುಂಬ ಹೊಸದಾಗಿ ಹುರಿದ ಕಾಫಿಯ ಘಮ. ಆಫೀಸಿನವರು ಕಣ್ಣುಮುಚ್ಚಿ ಉಸಿರೆಳೆದುಕೊಂಡರು. ಒಬ್ಬರು ಇಂಥ ಪವಿತ್ರ ಹೋಮವನ್ನೇ ಕಂಡಿರಲಿಲ್ಲವೆಂದರು.

ಬೆರಣಿ ತಂದವರು ರಾಯರು ಎಂದು ನನ್ನ ಬಾಯಿಂದ ಗೊತ್ತಾದಾಗ ಅನಘ ಅವರ ಕಾಲಿಗೆ ನಮಸ್ಕರಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಅದು ಸರಿ ಕಾಕಾ, ಕುಕೀಸು ಎಲ್ಲಿ ಎಂದು ಮೆಲ್ಲಗೆ ಕೇಳಿದರು.

"ಜಲ್ ಗಯಾ" ಎಂದರು ರಾಯರು. ಸುಟ್ಟುಹೋಯಿತು. ಅಂದು ಇಡೀ ದಿನದಲ್ಲಿ ಅವರಾಡಿದ ನಿಜ ಅದೊಂದೇ.

ಅನಘ ಒಳ್ಳೆಯವರು, ಇರಲಿ ಬಿಡಿ, ಶ್ರೀಪ್ರಿಯಾ ಬಂದ ಮೇಲೆ ನೋಡೋಣ ಎಂದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಸಂಜೆಯೊಳಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಉರಿಯುವ ಕುಂಡದ ಚಿತ್ರ, ಕೆಳಗೆ ರಾಯರ ಕೈತಟ್ಟಿನ ಸುಗಂಧ ಬೆರಣಿಯ ವರ್ಣನೆ. ಕಲ್ಯಾಣದಿಂದ ಫೋನು ಬಂತು. ಶಹಾಡಿನಲ್ಲಿ ದಿನವೂ ಅಗ್ನಿಹೋತ್ರ ಮಾಡುವವರೊಬ್ಬರು ತಿಂಗಳಿಗಾಗುವಷ್ಟು ಬೇಕೆಂದರು. ಟಿಟ್ವಾಳಾದವರೊಬ್ಬರು, ಅದರ ಹೊಗೆಗೆ ಸೊಳ್ಳೆ ಸಾಯುತ್ತದಂತೆ ಹೌದೇ ಎಂದು ವಿಚಾರಿಸಿದರು. ರಾಯರು ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನೋಡುವಾ ಎಂದರು. ಎಲ್ಲಿ ಮಾಡುತ್ತೀರಿ ಎಂದು ಒಬ್ಬರು ಕೇಳಿದಾಗ ಮಾತ್ರ ಯೋಚಿಸದೆ, ಮನೆಯಲ್ಲೇ ಎಂದುಬಿಟ್ಟರು.

ಮನೆಯಲ್ಲೇ ಅಂದರೆ ಯಾವುದರಲ್ಲಿ? ಮಳೆಗಾಲ ಈಗಷ್ಟೇ ಮುಗಿದಿದೆ, ಬಿಸಿಲಿಲ್ಲ, ಬೆರಣಿ ಒಣಗುವುದು ಹೇಗೆ? ಈ ಪ್ರಶ್ನೆ ಕಟ್ಟಡದ ಮೊದಲ ಮಹಡಿಯಲ್ಲಿ ಹುಟ್ಟಿ ನಾಲ್ಕನೆಯದಕ್ಕೆ ಮುಟ್ಟುವುದರೊಳಗೆ ಉತ್ತರವೂ ಆಯಿತು. ಶ್ರೀಪ್ರಿಯಾಳ ಓವನ್ನಿನಲ್ಲಿ. ಹಿಂದಿನ ತಿಂಗಳು ಅವಳ ಕೇಕು ತಿಂದಿದ್ದ ಮೂರನೆಯ ಮಹಡಿಯವರು ಆ ಕ್ಷಣವೇ ಹೋಗಿ ಬಾಯಿ ಮುಕ್ಕಳಿಸಿದರು. ಇನ್ನೊಬ್ಬರಿಗೆ ಆಗಲೇ ಒಂದು ವಾಸನೆ ಬಂದಿತ್ತಂತೆ, ಸಂಕೋಚಕ್ಕೆ ಹೇಳಿರಲಿಲ್ಲವಂತೆ. ಹಸುವನ್ನು ಎಲ್ಲಿ ಕಟ್ಟಿದ್ದಾರೆಂದು ಇಬ್ಬರು ತಾರಸಿಗೆ ಹೋಗಿ ನೀರಿನ ಟಾಕಿಯ ಹಿಂದೆಲ್ಲ ಹುಡುಕಿ ಬಂದರು. ಹುಟ್ಟುಹಬ್ಬದ ಕೇಕುಗಳು ಒಂದೊಂದೇ ರದ್ದಾದವು. ಅನಘರೂ ಮೆಟ್ಟಿಲ ಮೇಲೆ ಸತ್ಯಭಾಮಾರನ್ನು ನಿಲ್ಲಿಸಿ, ದೀಪಾವಳಿಯ ವಿಷಯ ಆಫೀಸಿನಲ್ಲಿ ಮತ್ತೊಮ್ಮೆ ಯೋಚಿಸುತ್ತಿದ್ದಾರೆ ಎಂದು ಕಣ್ಣು ತಪ್ಪಿಸಿ ಹೇಳಿ ಹೋದರು.

ವಾಶಿಯಿಂದ ಮರಳಿದ ಶ್ರೀಪ್ರಿಯಾಳಿಗೆ ತಲೆಬುಡ ತಿಳಿಯಲಿಲ್ಲ. ಏನಾಯಿತೆಂದು ತಂದೆಯನ್ನು ಕೇಳಿದಳು. "ಎಂತ ಇಲ್ಲ" ಎಂದರು ರಾಯರು. ಯಾರೋ ತನ್ನ ಕೆಲಸದಲ್ಲಿ ಕೊಳಕು ಕಂಡಿರಬೇಕೆಂದು ಹುಡುಗಿ ತಾನೇ ತೀರ್ಮಾನಿಸಿ, ಓವನ್ನಿನ ಮುಂದೆ ಮೊಣಕಾಲೂರಿ ಕೂತು, ಮೊದಲೇ ಹೊಳೆಯುತ್ತಿದ್ದ ಜಾಲರಿಗಳನ್ನು ತಿಕ್ಕತೊಡಗಿದಳು. ಒಳಗಿಂದ ಸತ್ಯಭಾಮಾ ಬಂದು ಗಂಡನ ಮುಖವನ್ನೇ ನೋಡುತ್ತಾ ನಿಂತರು. ಹೋಮದ ದಿನ ಆದದ್ದು ನಾಚಿಕೆಯಲ್ಲ, ನಾಚಿಕೆಯೆಂದರೆ ಇದು ಎಂದು ರಾಯರಿಗೆ ಆಗ ಗೊತ್ತಾಯಿತು. ಮಗಳ ಬೆನ್ನು ನೋಡಲಾರದೆ ಅವರು ಬಾಲ್ಕನಿಗೆ ಹೋಗಿ ನಿಂತರು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸೊಸೈಟಿಯ ವಿಶೇಷ ಸಭೆ. ಸೆಕ್ರೆಟರಿ ಯೋಗೀಶ್ ವಿಜಯಪುರದ ಕಡೆಯವರು, ಶಹಾಡಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಸೂಚಕರು, ಅನುಮೋದಕರು ಇಲ್ಲದೆ ಅವರ ಸಭೆಯಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ. ಅಂದಿನ ವಿಷಯವನ್ನು ಅವರು ಗಂಭೀರವಾಗಿ ಮಂಡಿಸಿದರು: ಎರಡನೆಯ ಮಹಡಿಯಲ್ಲಿ ಕುಳ್ಳು ತಟ್ಟುವ ಉದ್ಯೋಗ. ಅವರ ಕಡೆ ಬೆರಣಿಗೆ ಕುಳ್ಳು ಎನ್ನುತ್ತಾರೆ. ತಜ್ಞರೆಂದು ವಿಷ್ಣುಮೂರ್ತಿ ಭಟ್ಟರನ್ನೂ ಕರೆಸಿ ಕುರ್ಚಿ ಹಾಕಲಾಗಿತ್ತು. ಶ್ರೀಪ್ರಿಯಾಳಿಗೆ ವಿಷಯ ತಿಳಿದದ್ದು ಅಲ್ಲಿಯೇ, ಎಲ್ಲರ ನಡುವೆ. ಅವಳು ತಂದೆಯ ಕಡೆ ತಿರುಗಿದಳು. ಅನಘ ಹಿಂದಿನ ಸಾಲಿನಲ್ಲಿ ಕೂತು, ಆಫೀಸಿಗೆ ಏನು ಹೇಳಲಿ ಎಂದು ಕಾಯುತ್ತಿದ್ದರು.

ರಾಯರು ಎದ್ದರು. ಕುರ್ಚಿಯ ಬೆನ್ನು ಹಿಡಿದುಕೊಂಡು, ಕೇಳಿಸದಷ್ಟು ಮೆಲ್ಲಗೆ ಅಂದರು: "ಅದು ಬೆರಣಿ ಅಲ್ಲ. ಕುಕೀಸು. ಮಾಡಿದ್ದು ನಾನು. ಮಗಳಿಗೆ ಕಲಿಸಿದ್ದು ನಾನು ಅಂತ ಹೇಳಿದ್ನಲ್ಲ, ಅದು ಸುಳ್ಳು. ನನಗೆ ಎಂತದೂ ಮಾಡ್ಲಿಕ್ಕೆ ಬರುದಿಲ್ಲ."

ಯೋಗೀಶ್ ಅದನ್ನು ಹಿಂದಿಗೆ ತಿರುಗಿಸಿ ಗಟ್ಟಿಯಾಗಿ ಹೇಳಿದರು. ಒಬ್ಬರೂ ನಂಬಲಿಲ್ಲ. ಎಲ್ಲರಿಗಿಂತ ಹೆಚ್ಚು ನಂಬದವರು ಭಟ್ಟರು. ನಂಬಿದರೆ ಅವರ ಗತಿಯೇನು? ತಿಂಡಿಗೂ ಸಗಣಿಗೂ ವ್ಯತ್ಯಾಸ ತಿಳಿಯದ ಪುರೋಹಿತನನ್ನು ಕಲ್ಯಾಣದಿಂದ ಈಚೆಗೆ ಯಾರು ಕರೆಯುತ್ತಾರೆ? ಮುಟ್ಟಿ ನೋಡಿದ್ದೇನೆ, ಮೂಸಿ ನೋಡಿದ್ದೇನೆ, ಅದು ಹಸುವಿನದೇ, ಅದೂ ಪ್ರಾಯದ ಹಸುವಿನದು ಎಂದು ಅವರು ಜನಿವಾರ ಹಿಡಿದು ಹೇಳಿದರು. ಸಭೆ ತಲೆದೂಗಿತು. ಪಾಪ, ಮಗಳನ್ನು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದು ಮೂರನೆಯ ಮಹಡಿಯವರು ಕಣ್ಣೊರೆಸಿಕೊಂಡರು. ಜೀವಮಾನದಲ್ಲಿ ಮೊದಲ ಬಾರಿಗೆ ನಿಜ ಹೇಳಿ ನಿಂತ ರಾಯರಿಗೆ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಸತ್ಯಭಾಮಾ ಎದ್ದು ಮನೆಗೆ ಹೋಗಿ, ತಟ್ಟೆ ತುಂಬಿ ಉಳಿದಿದ್ದ ಬಿಲ್ಲೆಗಳ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆಳೆದುಕೊಂಡರು. ರಾಯರು ಒಂದನ್ನೆತ್ತಿ ಎಲ್ಲರ ಮುಂದೆ ಕಚ್ಚಿದರು. ದವಡೆಯ ಒಂದು ಬದಿಯಿಂದ ಆಗದೆ ಇನ್ನೊಂದು ಬದಿಗೆ ಹೊರಳಿಸಿದರು. ಕಾಫಿಪುಡಿ ಕರಕರ ಅನ್ನುವುದು ನನ್ನ ಕುರ್ಚಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬಂದರೂ ಬಿಡದೆ ಅಗಿದು ನುಂಗಿ, ಬಾಯಿ ತೆರೆದು ತೋರಿಸಿದರು.

"ಅದು ಪುರಾವೆ ಆಗಂಗಿಲ್ರಿ ರಾಯರ" ಎಂದರು ಯೋಗೀಶ್ ಬೇಸರದಿಂದಲೇ. "ಮಗಳ ಸಲುವಾಗಿ ತಂದಿ ಏನ್ ಬೇಕಾದ್ರೂ ತಿಂತಾನ್ರಿ."

ಆಗ ಶ್ರೀಪ್ರಿಯಾ ಎದ್ದು ಬಂದಳು. ತಂದೆಯ ಮುಖ ನೋಡಲಿಲ್ಲ. ಡಬ್ಬಿಯಿಂದ ಒಂದನ್ನು ತೆಗೆದು, ಬೆಳಕಿಗೆ ಹಿಡಿದು, ಬೆರಳಚ್ಚುಗಳನ್ನು ನೋಡಿ, ಕಚ್ಚಿದಳು. ಚೆನ್ನಾಗಿದೆ ಎಂದರೆ ಅವಳ ನಾಲಿಗೆಯನ್ನು ಇನ್ನು ಮುಂದೆ ಯಾರೂ ನಂಬುವುದಿಲ್ಲ. ತಿನ್ನಲಾಗದು ಎಂದು ಉಗಿದರೆ ಅದು ಸಗಣಿಯೇ ಎಂದಾಗುತ್ತದೆ. ಅವಳು ನಿಧಾನವಾಗಿ ಅಗಿದಳು, ನುಂಗಿದಳು, ನೀರು ಕೇಳಿ ಕುಡಿದಳು.

"ಕುಕೀ ಹೈ" ಎಂದಳು. "ಬಹುತ್ ಖರಾಬ್ ಹೈ. ಲೇಕಿನ್ ಕುಕೀ ಹೈ."

ಭಟ್ಟರು ಕುರ್ಚಿಯಲ್ಲಿ ಸಣ್ಣಗಾದರು. ಸುಳ್ಳು ಹೇಳುವವಳು ಖರಾಬ್ ಎಂಬ ಮಾತನ್ನು ಸೇರಿಸುವುದಿಲ್ಲ ಎಂಬುದು ಸಭೆಗೆ ನಿಧಾನವಾಗಿ ಹೊಳೆಯಿತು. ಆದರೆ ಹೊಳೆದರೆ ಸಾಲದು, ಠರಾವು ಆಗಬೇಕು. ಯೋಗೀಶ್ ಗಂಟಲು ಸರಿಮಾಡಿಕೊಂಡು ಹೇಳಿದರು: ಸದರಿ ವಸ್ತು ಕುಳ್ಳಲ್ಲ, ಅತಿ ಕೆಟ್ಟ ಕುಕೀಸು ಎಂದು ಸಭೆ ನಿರ್ಣಯಿಸುತ್ತದೆ. ಸೂಚಕರು ಕುಮಾರಿ ಶ್ರೀಪ್ರಿಯಾ. ಅನುಮೋದಕರು ಯಾರು?

ಯಾರೂ ಕೈ ಎತ್ತಲಿಲ್ಲ. ನಂಬಿಕೆಯಿಲ್ಲದೆ ಅಲ್ಲ. ಹಿರಿಯ ಮನುಷ್ಯ, ಎದುರಿಗೇ ತಲೆತಗ್ಗಿಸಿ ನಿಂತಿದ್ದಾರೆ, ನಿಮ್ಮ ಕೈಯಡುಗೆ ಅತಿ ಕೆಟ್ಟದ್ದೆಂದು ಮುಖದ ಮೇಲೆ ಹೇಳುವುದು ಹೇಗೆ? ನಾನೂ ನೆಲ ನೋಡಿದೆ. ಅನುಮೋದಕರಿಲ್ಲದಿದ್ದರೆ ಠರಾವು ಬಿದ್ದುಹೋಗುತ್ತದೆ, ಆ ವಸ್ತು ಸೊಸೈಟಿಯ ದಾಖಲೆಯಲ್ಲಿ ಕುಳ್ಳಾಗಿಯೇ ಉಳಿಯುತ್ತದೆ ಎಂದು ಯೋಗೀಶ್ ಎಚ್ಚರಿಸಿದರು. ಅನಘ ಎದ್ದು ಪರ್ಸು ಹೆಗಲಿಗೇರಿಸಿಕೊಂಡರು.

ಪುಂಡರೀಕಾಕ್ಷ ರಾಯರು ಕೈ ಎತ್ತಿದರು.

"ನೀವಽ ಏನ್ರಿ?" ಎಂದರು ಯೋಗೀಶ್.

"ಹೌದು. ಭಯಂಕರ ಕೆಟ್ಟದುಂಟು" ಎಂದರು ರಾಯರು. "ಬರ್ಕೊಳ್ಳಿ."

ಠರಾವು ಪಾಸಾಯಿತು. ಅನಘ ಪರ್ಸನ್ನು ಮತ್ತೆ ಕುರ್ಚಿಯ ಮೇಲಿಟ್ಟು, ದೀಪಾವಳಿಯ ಡಬ್ಬಿಗಳನ್ನು ಮಾಡುವವಳು ನೀನೊಬ್ಬಳೇ ತಾನೆ ಎಂದು ಶ್ರೀಪ್ರಿಯಾಳನ್ನು ಮರಾಠಿಯಲ್ಲಿ ಕೇಳಿದರು. ಅವಳು ಉತ್ತರಿಸುವ ಮೊದಲು ತಂದೆಯ ಕಡೆ ನೋಡಿದಳು. ಉಳಿದವರೂ ನೋಡಿದರು. ಠರಾವಿಗೆಂದು ಎತ್ತಿದ್ದ ರಾಯರ ಕೈ ಇನ್ನೂ ಮೇಲೆಯೇ ಇತ್ತು.